ಕಾಯಿ ಸತ್ತರೆ ಏನು ಗತಿ

ಮನುಷ್ಯನು ತನ್ನ ಸಾವಿನ ವಿಷಯದಲ್ಲಿ ಯಾವ ಕಾಯಿದೆಯನ್ನೂ ಮಾಡಲಾರನಾದರೂ ಚೌಕಾಬಾರ ಆಟದ ಕಾಯಿಯ ಸಾವಿಗೆ ಮನೆಗೊಂದು ಕಾಯಿದೆಯನ್ನು ಮಾಡಿಟ್ಟಿದ್ದಾನೆ. ಅದರಲ್ಲೂ ರಾಯದುರ್ಗ, ಮಡಕಶಿರಾಗಳಂಥ ಕನ್ನಡ-ತೆಲುಗು ಗಡಿ ಸೀಮೆಯಲ್ಲಿ ಆ ಕಾಯಿದೆ ಎರಡು ಭಾಷೆಗಳಲ್ಲಿ ಜಾರಿಯಲ್ಲಿರುವುದರಿಂದ ತಕರಾರಿಗೂ ಎರಡು ಪಟ್ಟು ಅವಕಾಶವುಂಟು. 1953ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಹಂಚಿಕೊಂಡಾಗ ರಾಯದುರ್ಗ ಅನಂತಪುರಕ್ಕೆ ಸೇರಿತು. ಮಡಕಶಿರಾ 2022ರಲ್ಲಿ ಅನಂತಪುರವನ್ನು ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಯ ಪಾಲಾಯಿತು. ಊರುಗಳೇ ಹೀಗೆ ಮನೆ ಬದಲಿಸಿದರೂ ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಗೀಚಿದ 25 ಮನೆಗಳು ಮಾತ್ರ ಇದ್ದಲ್ಲೇ ಇವೆ.

ಇಲ್ಲಿ ಮನೆ ಎಂದರೆ ಚೌಕುಳಿ, ಕಾಯಿ ಎಂದರೆ ಅದರಲ್ಲಿ ನಡೆಯುವ ಬಳೆಚೂರೋ ಕಲ್ಲೋ. ದಾಳವಾಗಿ ಎಸೆಯಲು ಕವಡೆ ಸಿಗದಿದ್ದರೆ ನಾಲ್ಕು ಹುಣಸೆಬೀಜಗಳನ್ನು ಕಲ್ಲಿಗೆ ತಿಕ್ಕಿ ಒಂದು ಬದಿಯನ್ನು ಬೆಳ್ಳಗೆ ಮಾಡಿಕೊಳ್ಳುತ್ತಾರೆ. ನಾಲ್ಕೂ ಅಂಗಾತ ಬಿದ್ದರೆ ಕನ್ನಡದ ಬಾಯಲ್ಲಿ ಚೌಕ, ನಾಲ್ಕೂ ಬೋರಲು ಬಿದ್ದರೆ ಎಂಟು, ಅಂದರೆ ಬಾರ. ಅವೇ ತೆಲುಗಿನ ಬಾಯಲ್ಲಿ ಚೆಮ್ಮ ಮತ್ತು ಅಷ್ಟ. ಹೊರಸುತ್ತಿನ 16 ಮನೆಗಳನ್ನು ದಾಟಿ, ಒಳಸುತ್ತಿನ 8ನ್ನು ತಿರುಗಿ, ನಟ್ಟನಡುವಿನ ಮನೆ ಸೇರಿದ ಕಾಯಿಗೆ ಹಣ್ಣಾಯಿತು ಎನ್ನುತ್ತಾರೆ. ತೆಲುಗಿನವರೂ ಮಾಗಿತು ಎಂಬರ್ಥದಲ್ಲಿ ‘ಪಂಡಿಂದಿ’ ಎನ್ನುತ್ತಾರೆ. ಗಡಿಯನ್ನು ಗುರುತಿಸುವಾಗ ಕೂಡದ ಒಮ್ಮತ ಕಾಯಿ ಮಾಗುವ ವಿಷಯದಲ್ಲಿ ಕೂಡಿಬಂದಿರುವುದು ಗಮನಾರ್ಹ. ದಾರಿಯಲ್ಲಿ ಎದುರಾಳಿಯ ಕಾಯಿ ಅದೇ ಮನೆಗೆ ಬಂದು ಕೂತರೆ ಮೊದಲಿನ ಕಾಯಿ ‘ಕಡಿದು’ ಹೋಗುತ್ತದೆ, ಅಂದರೆ ಸಾಯುತ್ತದೆ. ಹೀಗೆ ಮಾಗುವುದು, ಇಲ್ಲವೇ ಕಡಿಸಿಕೊಳ್ಳುವುದು ಎಂಬ ಎರಡೇ ಗತಿಗಳಿರುವ ಈ ಲೋಕದಲ್ಲಿ ಕಾಯಿಲೆಗೆ, ಮುಪ್ಪಿಗೆ, ಆಸ್ಪತ್ರೆಯ ಬಿಲ್ಲಿಗೆ ಜಾಗವಿಲ್ಲ.

ಸತ್ತ ಮೇಲಿನ ಶಾಸ್ತ್ರ ಮಾತ್ರ ಮನೆಯಿಂದ ಮನೆಗೆ ಬೇರೆ. ಒಬ್ಬರ ಮನೆಯಲ್ಲಿ ಸತ್ತ ಕಾಯಿ ಹೊರಟ ಚೌಕುಳಿಗೆ ಮರಳಿ, ಮುಂದಿನ ಸರದಿಗೇ ನಡೆಯಬಹುದು. ಪಕ್ಕದವರ ಮನೆಯಲ್ಲಿ ಚೌಕವೋ ಬಾರವೋ ಬೀಳುವ ತನಕ ಅದು ಗೋಡೆ ಬದಿಯಲ್ಲಿ ಹೆಣವಾಗಿ ಬಿದ್ದಿರಬೇಕು. ಜೋಡಿ ಕಾಯಿಯನ್ನು ಒಂಟಿ ಕಾಯಿ ಕಡಿಯಬಾರದೆಂಬುದು ಕೆಲವರ ಮತ. ಅಡ್ಡಗೆರೆ ಎಳೆದ ಮನೆಯಲ್ಲಿ ಕೂತವನನ್ನು ಯಾರೂ ಮುಟ್ಟುವಂತಿಲ್ಲ. ಇವೆಲ್ಲಕ್ಕಿಂತ ಘೋರವಾದದ್ದು, ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಒಳಸುತ್ತಿಗೆ ಕಾಲಿಡಬಾರದೆಂಬ ನಿಯಮ: ಮಾಗಬೇಕಾದವನು ಮೊದಲು ಕೊಲೆಗಾರನಾಗಬೇಕು. ದಿನಕ್ಕೆ ಎರಡು ಬಾರಿ ದೇವರಿಗೆ ದೀಪ ಹಚ್ಚುವ ಅಜ್ಜಿಯರು ಈ ನಿಯಮವನ್ನು ಎಷ್ಟು ಕಟ್ಟುನಿಟ್ಟಾಗಿ ಪಾಲಿಸುತ್ತಾರೆಂದರೆ, ಮೊಮ್ಮಗನ ಕಾಯಿ ಕಡಿದ ಮೇಲೆ ಸಿಗುವ ಹೆಚ್ಚಿನ ಆಟವನ್ನೂ ಬಿಡದೆ ಆಡುತ್ತಾರೆ.

ಸತ್ತವರ ಗತಿಯನ್ನು ಗೊತ್ತುಮಾಡುವ ಈ ತೊಡಕಿನಿಂದ ಹೊರದೇಶದವರೂ ಪಾರಾಗಿಲ್ಲ. ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬುದು ಆಟಗಾರರು ಒಬ್ಬೊಬ್ಬರೂ ಮಂತ್ರವಾದಿ, ಕತ್ತಿವರಸೆಗಾರ ಮುಂತಾದ ಪಾತ್ರ ತಾಳಿ, ಮೇಜಿನ ಸುತ್ತ ಕೂತು ಬಾಯಿಮಾತಿನಲ್ಲಿ ಸಾಹಸ ನಡೆಸುವ ಆಟ. ಅದರ 2014ರ ಆವೃತ್ತಿಯಲ್ಲಿ ಪ್ರಾಣಬಲ ಸೊನ್ನೆಯಾಗಿ ಬಿದ್ದವನು 20 ಮುಖದ ದಾಳ ಉರುಳಿಸುತ್ತಾನೆ. 10 ಅಥವಾ ಅದಕ್ಕೂ ಮೇಲೆ ಮೂರು ಸಲ ಬಿದ್ದರೆ ಜೀವ ನಿಲ್ಲುತ್ತದೆ, ಅದಕ್ಕೂ ಮೊದಲೇ ಮೂರು ಸಲ ತಪ್ಪಿದರೆ ಹೋಯಿತು. ಹೋದವನನ್ನು ಎಬ್ಬಿಸುವ ಒಂದು ಮಂತ್ರಕ್ಕೆ 500 ಚಿನ್ನದ ನಾಣ್ಯ ಬಾಳುವ ವಜ್ರ ಬೇಕು. ಇಷ್ಟು ಬರೆದಿಟ್ಟಿದ್ದರೂ ಸಾವು ತೀರಾ ಅಗ್ಗವಾಯಿತೆಂದೋ ತುಟ್ಟಿಯಾಯಿತೆಂದೋ ಅಲ್ಲಿಯವರೂ ಮನೆಕಾನೂನು ಮಾಡಿಕೊಳ್ಳುತ್ತಾರೆ. ಬಳೆಚೂರಿಗೆ ವಜ್ರ ತೆರುವವರು ಜಗಲಿಯಲ್ಲಿ ಯಾರೂ ಇಲ್ಲದ್ದರಿಂದ ಇಲ್ಲಿ ದಂಡವನ್ನು ನಡಿಗೆಯಲ್ಲೇ ವಸೂಲು ಮಾಡುತ್ತಾರೆ: ಹಣ್ಣಾಗಲು ಒಂದೇ ಹೆಜ್ಜೆ ಉಳಿದಾಗ ಕಡಿದರೆ ನಡೆದ 23 ಹೆಜ್ಜೆಯೂ ನೀರಿನಲ್ಲಿ ಹೋಮ.

ಸಾವಿಗೆ ಮರ್ಯಾದೆಯಿದ್ದ ಕಾಲವೂ ಇಲ್ಲಿತ್ತು: ಮಡಕಶಿರಾ ಸೀಮೆಯ ಹೇಮಾವತಿ, ಹಳೆಯ ಹೆಂಜೇರು, ನೊಳಂಬ ಅರಸರ ರಾಜಧಾನಿಯಾಗಿತ್ತು. ಆ ಕಾಲದ ವೀರನು ಕಾಳಗದಲ್ಲಿ ಮಡಿದರೆ ಅವನಿಗೊಂದು ವೀರಗಲ್ಲು ನಿಲ್ಲುತ್ತಿತ್ತು. ಅಂಥ ಕಲ್ಲುಗಳಲ್ಲಿ ಸಾಮಾನ್ಯವಾಗಿ ಕೆಳಗೆ ಹೋರಾಟ, ನಡುವೆ ಅಪ್ಸರೆಯರ ಒಯ್ಯುವಿಕೆ, ಮೇಲೆ ಶಿವಸಾನ್ನಿಧ್ಯ. ಚೌಕಾಬಾರದ ಕಾಯಿಗೆ ಕಲ್ಲೂ ಇಲ್ಲ, ಅಪ್ಸರೆಯೂ ಇಲ್ಲ. ಕಡಿದವನು ಅದನ್ನು ಎರಡು ಬೆರಳಲ್ಲಿ ಎತ್ತಿ ಒಡೆಯನ ಮಡಿಲಿಗೆ ಎಸೆಯುತ್ತಾನೆ.

ಸಾವೇ ಇಲ್ಲದ ಒಂದು ವರ್ಗವೂ ಉಂಟು. ಹಟ ಹಿಡಿದು ಆಟಕ್ಕೆ ಕೂತ ನಾಲ್ಕು ವರ್ಷದ ಮಗುವನ್ನು ಕನ್ನಡದಲ್ಲಿ ಆಟಕ್ಕುಂಟು ಲೆಕ್ಕಕ್ಕಿಲ್ಲ ಎನ್ನುತ್ತಾರೆ; ಅದರ ಕಾಯನ್ನು ಕಡಿದರೂ ಕಡಿದಂತಲ್ಲ. ತೆಲುಗಿನವರು ಅದೇ ಮಗುವನ್ನು ಆಟದಲ್ಲಿ ಬಾಳೆಹಣ್ಣು, ‘ಆಟಲೋ ಅರಟಿಪಂಡು’ ಎನ್ನುತ್ತಾರೆ. ಉಳಿದವರೆಲ್ಲ ಸುತ್ತು ಸುತ್ತಿ, ಸತ್ತು ಎದ್ದು ಪಡೆಯಬೇಕಾದ ಹಣ್ಣಿನ ಪದವಿ ಈ ಮಗುವಿಗೆ ಕೂತಲ್ಲೇ ಸಿಕ್ಕಿಬಿಡುತ್ತದೆ.

ಈ ಕಡೆಯ ಜಗಲಿಗಳಲ್ಲಿ ಆಟಕ್ಕೆ ಕೂರುವ ಹೊಸಬರು, ಸತ್ತ ಕಾಯಿ ಏಳುವ ಕ್ರಮವನ್ನು ಬೀಜ ಕೈಗೆತ್ತಿಕೊಳ್ಳುವ ಮೊದಲೇ ಕೇಳಿಟ್ಟುಕೊಳ್ಳತಕ್ಕದ್ದು. ಸತ್ತ ಮೇಲೆ ಕೇಳಿದರೆ ಅಜ್ಜಿಯರು ಹೇಳುವುದಿಲ್ಲ.