ಮೆಂತ್ಯ ಬಿಡಿಸುವ ಮೋಕ್ಷಮಾರ್ಗ

ಮುಂಬಯಿಯ ಸಗಟು ತರಕಾರಿ ಮಾರುಕಟ್ಟೆ 1996ರಲ್ಲಿ ವಾಶಿಗೆ ಬಂದಮೇಲೆ ಪಕ್ಕದ ಸಾನಪಾಡಾದ ಕನ್ನಡ ಮನೆಗಳಿಗೆ ಒಂದು ವರ ಸಿಕ್ಕಿತು, ಅದರ ಬೆನ್ನಿಗೇ ಒಂದು ಶಾಪವೂ ಅಂಟಿತು. ಮೆಂತ್ಯಸೊಪ್ಪು ತಾಜಾ, ಜುಡಿಯೂ ದಪ್ಪ. ಆದರೆ ಅಷ್ಟೂ ಎಲೆ ಬಿಡಿಸಬೇಕಾದವರು ನಾವೇ. ಸೊಪ್ಪು ಬಿಡಿಸುವುದು, ಹಾಲು ಉಕ್ಕಿದ ಒಲೆ ತಿಕ್ಕುವುದು, ಹಸಿಕಸ ಒಣಕಸ ಬೇರೆ ಮಾಡುವುದು, ಸೊಸೈಟಿ ಮೀಟಿಂಗಿನಲ್ಲಿ ಪಾರ್ಕಿಂಗ್ ಜಗಳ ಮುಗಿಯುವ ತನಕ ಕೂರುವುದು—ಇವುಗಳಿಗಾಗಿ ಯಾವ ಕನ್ನಡ ಸಂಘವೂ ಯಾರಿಗೂ ಶಾಲು ಹೊದಿಸಿದ್ದನ್ನು ನಾನು ಕೇಳಿಲ್ಲ. ದೇವರ ಅನುಗ್ರಹ ಅಡಗಿರುವುದು ಇಂಥ ಕೆಲಸಗಳಲ್ಲೇ ಎಂಬುದು ನನ್ನ ವಾದ. ಶಾಲು ಬೀಳುವ ಕಡೆ ನಮ್ಮ ಅಹಂಕಾರ ಮೊದಲೇ ಹೋಗಿ ಮುಂದಿನ ಸಾಲಿನ ಕುರ್ಚಿ ಹಿಡಿದಿರುತ್ತದೆ. ದೇವರಿಗೆ ನಿಲ್ಲಲು ಜಾಗ ಉಳಿಯುವುದು ಸಿಂಕಿನ ಹತ್ತಿರ ಮಾತ್ರ.

ಸಾಕ್ಷಿಗೆ ಪಂಢರಪುರಕ್ಕೇ ಹೋಗಬಹುದು. ಜನಾಬಾಯಿ ಸಂತ ನಾಮದೇವರ ಮನೆಯ ಕೆಲಸದಾಕೆ. ಆ ಮನೆಯಲ್ಲಿ ಭಜನೆಗೇನೂ ಬರವಿರಲಿಲ್ಲ. ಆದರೂ ಐತಿಹ್ಯದ ವಿಠ್ಠಲ ಅವಳ ಬೀಸುಕಲ್ಲಿನ ಗೂಟ ಹಿಡಿಯಲು ಬರುತ್ತಾನೆ. ಸನಿಹದ ಅರಣದ ಸಾವತಾ ಮಾಳಿ ತರಕಾರಿ ತೋಟ ಬಿಟ್ಟು ಗುಡಿಗೆ ಹೋಗದಿದ್ದಾಗ ವಿಠ್ಠಲನೇ ತೋಟಕ್ಕೆ ಬಂದನಂತೆ. ನಮ್ಮ ಶರಣರಲ್ಲಿ ಮಡಿವಾಳ ಮಾಚಯ್ಯನದು ಬಟ್ಟೆ ಒಗೆಯುವ ಕಾಯಕ, ಸತ್ಯಕ್ಕನದು ಅಂಗಳ ಗುಡಿಸುವ ಕಾಯಕ. ಇದು ಈ ಕಡೆಯವರ ಬಡಾಯಿ ಎನ್ನುವವರು ಹದಿನೇಳನೆಯ ಶತಮಾನದ ಪ್ಯಾರಿಸ್ಸಿಗೆ ಹೋಗಲಿ. ಅಲ್ಲಿನ ಕಾರ್ಮೆಲೈಟ್ ಮಠದ ಬ್ರದರ್ ಲಾರೆನ್ಸನಿಗೆ ಅಡುಗೆಮನೆಯೆಂದರೆ ಆಗುತ್ತಿರಲಿಲ್ಲ. ಮಠದವರು ಅವನನ್ನು ಅಲ್ಲಿಗೇ ಹಾಕಿದರು. ಪ್ರಾರ್ಥನೆಯ ಹೊತ್ತಿನಷ್ಟೇ ನಿಚ್ಚಳವಾಗಿ ದೇವರು ತನಗೆ ಪಾತ್ರೆಗಳ ಗದ್ದಲದ ನಡುವೆಯೂ ಸಿಕ್ಕನೆಂದು ಅವನು ಹೇಳಿಕೊಂಡ.

ಇಲ್ಲೊಂದು ಗಟ್ಟಿ ಆಕ್ಷೇಪವಿದೆ. ಹೀಗೆ ಹೊಗಳಿ ಹೊಗಳಿಯೇ ಹೆಂಗಸರನ್ನೂ ಬಡವರನ್ನೂ ಪೊರಕೆಗೆ ಕಟ್ಟಿಹಾಕಿದ್ದಲ್ಲವೇ? ಹೌದು, ಆರಾಮಕುರ್ಚಿಯಿಂದ ಹೊರಟ ಹೊಗಳಿಕೆಯೆಲ್ಲ ಅಂಥದ್ದೇ. ಆದರೆ ಜನಾಬಾಯಿಯ ಕಥೆಯನ್ನು ಇನ್ನೊಮ್ಮೆ ನೋಡಿ. ವಿಠ್ಠಲ ದೂರ ನಿಂತು ಕೈಯೆತ್ತಿ ಹರಸಲಿಲ್ಲ, ಆ ಕೈಯಿಂದ ಬೀಸಿದ. ಅನುಗ್ರಹ ಎಂದರೆ ಕೆಲಸದಲ್ಲಿ ಪಾಲು ಹಿಡಿಯುವುದು ಎಂದು ಕಥೆಯೇ ಹೇಳುತ್ತಿದೆ. ಕಸದ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಮನೆಯಲ್ಲೇ ಕಸ ಬೇರ್ಪಡಿಸಬೇಕೆಂದು 2016ರ ನಿಯಮವೇ ಹೇಳಿತ್ತು. ನಾವು ಬೇರ್ಪಡಿಸದೆ ಬಿಟ್ಟದ್ದನ್ನು ಮುಂದೆ ಯಾರೋ ಒಬ್ಬ ಕಾರ್ಮಿಕ ಬರಿಗೈಯಲ್ಲಿ ಕೆದಕಬೇಕಾಗುತ್ತದೆ. 2020ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ನಮ್ಮ ನವಿ ಮುಂಬಯಿ ದೇಶಕ್ಕೇ ಮೂರನೆಯದಾದಾಗ ಎಲ್ಲರೂ ಬೀಗಿದೆವು. ಹಸಿರು ಡಬ್ಬಿಗೆ ಬಿದ್ದ ಪ್ಲಾಸ್ಟಿಕ್ಕನ್ನು ಎತ್ತಿ ನೀಲಿ ಡಬ್ಬಿಗೆ ಹಾಕಿದವರು ಮಾತ್ರ ಆ ಬೀಗುವಿಕೆಗೆ ಹಕ್ಕುದಾರರು.

ಮಿಕ್ಸಿ, ವಾಷಿಂಗ್ ಮಷೀನು ಬಂದಮೇಲೆ ಈ ಅನುಗ್ರಹಕ್ಕೆ ಕೆಲಸವೆಲ್ಲಿ ಎಂದು ಕೆಲವರು ಕೇಳುತ್ತಾರೆ. ಚಿಂತೆ ಬೇಡ. ಮಷೀನು ಒಗೆಯುತ್ತದೆ, ಒಣಗಿದ ಬಟ್ಟೆ ಮಡಿಸುವುದಿಲ್ಲ. ಮಿಕ್ಸಿ ರುಬ್ಬುತ್ತದೆ, ತನ್ನ ಜಾರು ತಾನೇ ತೊಳೆದುಕೊಳ್ಳುವುದಿಲ್ಲ. ಭಕ್ತರಿಗಾಗಿ ದೇವರು ಅಷ್ಟು ಬಾಕಿ ಉಳಿಸಿಯೇ ಇಟ್ಟಿದ್ದಾನೆ. ಹಾಗಾದರೆ ಈ ಕೆಲಸಗಳು ಕ್ರಮೇಣ ಹಿತವಾಗುತ್ತವೆಯೇ? ನನಗೆ ಆ ಭರವಸೆಯಿಲ್ಲ, ಬೇಸರದ ಕೆಲಸ ಬೇಸರದ್ದೇ. ಆದರೆ ಬೇಸರದ ಕೆಲಸಕ್ಕೆ ಇಬ್ಬರು ಕೂತರೆ ಅದು ಅರ್ಧವಾಗುತ್ತದೆ, ಉಳಿದರ್ಧದಲ್ಲಿ ಒಂದಷ್ಟು ಹರಟೆ ಸೇರುತ್ತದೆ. ಅದಕ್ಕೆ ಪಂಢರಪುರದಿಂದ ವಿಠ್ಠಲನೇ ಬರಬೇಕಿಲ್ಲ. ಕ್ರಿಕೆಟ್ ನಡೆಯುತ್ತಿರುವಾಗ ಟಿವಿಯ ಮುಂದಿನಿಂದ ಮನೆಯ ಒಬ್ಬರು ತಾವಾಗಿಯೇ ಎದ್ದರೂ ಸಾಕು, ಪವಾಡದ ಲೆಕ್ಕಕ್ಕೆ ಎರಡೂ ಹೆಚ್ಚುಕಡಿಮೆ ಸಮ.