ಮೊದಲ ಸಾಲಿನ ರಸಿಕ

ನಾಟಕವನ್ನು ನೋಡುವವರು ಲೋಕದಲ್ಲಿ ಅಸಂಖ್ಯರು. ಆದರೆ ನಾಟಕ ತೋರಿಸುವೆನೆಂದು ರಟ್ಟೆ ಹಿಡಿದು ಎಳೆದೊಯ್ದು, ಅಲ್ಲಿ ಕುಳ್ಳಿರಿಸಿದ ಮೇಲೆ ಅದನ್ನು ನೋಡಗೊಡದ ಮಹಾನುಭಾವರು ಜಮಖಂಡಿ, ಮುಧೋಳ, ಬೀಳಗಿಗಳ ಸೀಮೆಯಲ್ಲಿ ಊರಿಗೊಬ್ಬರಾದರೂ ಇದ್ದೇ ಇರುವರು. ಅವರಲ್ಲೊಬ್ಬನು ನನಗೆ ಬಾಲ್ಯಮಿತ್ರನಾಗಿ ಒದಗಿದ್ದು ನನ್ನ ಪೂರ್ವಾರ್ಜಿತ. ಅವನು ಬನಹಟ್ಟಿಯ ಮಗ್ಗದ ಮನೆಯವನು. ಹಗಲೆಲ್ಲ ಮಗ್ಗದ ಸಪ್ಪಳದೊಡನೆ ಸ್ಪರ್ಧಿಸಿ ಮಾತನಾಡಿದ ಅಭ್ಯಾಸದಿಂದಲೋ ಏನೋ, ಅವನು ನನ್ನ ಕಿವಿಯಲ್ಲಿ ಉಸುರುವ ಗುಟ್ಟು ಹಿಂದಿನ ಸಾಲಿನ ಹೆಂಗಸರಿಗೂ ತಿಳಿದುಹೋಗುತ್ತದೆ.

ರಂಗಭೂಮಿಯ ಚರಿತ್ರೆ ಅವನಿಗೆ ಮನೆತನದ ಚರಿತ್ರೆಯಷ್ಟೇ ಪರಿಚಿತ. 1843ರಲ್ಲಿ ವಿಷ್ಣುದಾಸ ಭಾವೆಯವರು ಸಾಂಗಲಿಯ ಪಟವರ್ಧನರ ಆಶ್ರಯದಲ್ಲಿ ‘ಸೀತಾ ಸ್ವಯಂವರ’ವನ್ನಾಡಿಸಿದರೆಂದೂ, ಅದಕ್ಕೆ ಪ್ರೇರಣೆಯಾದುದು ಕರ್ನಾಟಕದಿಂದ ಹೋಗಿದ್ದ ಭಾಗವತರ ಮೇಳವೆಂದೂ, ಜಮಖಂಡಿಯನ್ನಾಳಿದವರೂ ಪಟವರ್ಧನರೇ ಆದುದರಿಂದ ಸಮಸ್ತ ಮರಾಠಿ ರಂಗಭೂಮಿಯು ನಮ್ಮ ತಾಲೂಕಿಗೆ ಋಣಿಯೆಂದೂ ಅವನು ಸಿದ್ಧಾಂತ ಮಾಡುವಾಗ, ಮೊದಲೆರಡು ಮಾತು ನಿಜವಾದುದರಿಂದ ಮೂರನೆಯದನ್ನು ನಾನು ಸುಮ್ಮನೆ ನುಂಗಿಕೊಳ್ಳುತ್ತೇನೆ. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ 1974ರಲ್ಲಿ ಚಲನಚಿತ್ರವಾದಾಗ, ನಾಟಕವನ್ನು ಕಂಡ ಕಣ್ಣಿಗೆ ನೆರಳನ್ನು ತೋರಿಸಲಾರೆನೆಂದು ಹಟ ಹಿಡಿದು ಅವನು ಟಾಕೀಜಿನ ಕಡೆಗೆ ತಲೆಹಾಕಲಿಲ್ಲ.

ಟಿಕೀಟು ಕೊಳ್ಳುವುದನ್ನು ಅವನು ರಸಿಕತೆಗೆ ಅಪಮಾನವೆಂದೆಣಿಸುತ್ತಾನೆ. “ಟಿಕೀಟ ಯಾಕೋ? ಮ್ಯಾನೇಜರ ನಮ್ಮಾಂವನ ಅದಾನು, ನೀ ಸುಮ್ನ ಬಾ” ಎಂದು ಬಾಗಿಲವರೆಗೆ ಕರೆದೊಯ್ಯುವನು. ಆ ಮ್ಯಾನೇಜರನು ಹೋದ ವರ್ಷವೇ ಕಂಪನಿ ಬಿಟ್ಟಿರುವುದು ಅಲ್ಲಿ ತಿಳಿಯುತ್ತದೆ. ಇಬ್ಬರ ಹಣವೂ ನನ್ನ ಕಿಸೆಯಿಂದ ಹೊರಡುತ್ತದೆ.

ಇವೆಲ್ಲವನ್ನೂ ಸಹಿಸಬಹುದು. ಸಹಿಸಲಸಾಧ್ಯವಾದುದು ಅವನ ಬಾಯಿಪಾಠ. ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’ ಮೊದಲ್ಗೊಂಡು ಹತ್ತಾರು ನಾಟಕಗಳ ಕೌರವರೂ ಶಕುನಿಗಳೂ ಅವನ ನಾಲಗೆಯ ಮೇಲೆ ಒಕ್ಕಲಾಗಿರುವುದರಿಂದ, ನಟನು ಬಾಯಿ ತೆರೆಯುವುದಕ್ಕೆ ಅರೆಗಳಿಗೆ ಮುಂಚೆಯೇ ಮಾತು ಇವನ ಬಾಯಿಂದ ಹೊರಬೀಳುತ್ತದೆ. ಮುಧೋಳದಾಚೆಯ ಒಂದು ಹಳ್ಳಿಯ ಜಾತ್ರೆಯಲ್ಲಿ ಊರ ಹವ್ಯಾಸಿಗಳು ಗದಾಯುದ್ಧದ ಕಥೆಯನ್ನಾಡಿದ ರಾತ್ರಿ ಇದು ಪರಾಕಾಷ್ಠೆಗೇರಿತು. ಭೀಮನು ತೊಡೆ ಮುರಿದು, ಜಯಘೋಷ ಮಾಡಿ, ಬೀಡಿ ಸೇದಲು ಒಳಗೆ ಹೋಗಿದ್ದನು. ಬಿದ್ದುಕೊಂಡೇ ವಿಲಾಪಿಸಬೇಕಾಗಿದ್ದ ದುರ್ಯೋಧನನಿಗೆ ಮಾತು ಮರೆತುಹೋಯಿತು. ಪರದೆಯ ಹಿಂದೆ ಮಾತು ಹೇಳಿಕೊಡತಕ್ಕ ಮಾಸ್ತರರಾದರೋ ಗ್ಯಾಸಬತ್ತಿಗೆ ಗಾಳಿ ಹಾಕುವುದರಲ್ಲಿ ಮಗ್ನರು. ಆ ನಿಶ್ಶಬ್ದದಲ್ಲಿ ನನ್ನ ಮಿತ್ರನ ಕಂಠವು ಮೊಳಗಿತು. ಮಾತು ಕೌರವನದೇ ನಿಜ. ಆದರೆ ಬೇರೊಂದು ನಾಟಕದ್ದು, ಯುದ್ಧಕ್ಕೆ ಮೊದಲಿನದು, ಎದ್ದು ನಿಂತು ಗದೆಯೆತ್ತಿ ಆಡತಕ್ಕದ್ದು. ಮುಳುಗುವವನಿಗೆ ಹಗ್ಗ ಸಿಕ್ಕಂತಾಗಿ ಆ ಬಡಪಾಯಿಯು ಮುರಿದ ತೊಡೆಯ ಮೇಲೆಯೇ ಎದ್ದು ನಿಂತು, ಗದೆ ತಿರುಗಿಸಿ, ಮಾತನ್ನು ಪೂರ್ತಿ ಗರ್ಜಿಸಿದನು. ರನ್ನನು ಹುಟ್ಟಿದ ಸೀಮೆಯಲ್ಲಿ, ರನ್ನನೂ ಕೊಡಲಾರದ ಪುನರ್ಜನ್ಮವನ್ನು ದುರ್ಯೋಧನನು ಪಡೆದನು. ಜನರು ಚಪ್ಪಾಳೆ ತಟ್ಟಿ ‘ವನ್ಸ್‌ಮೋರ್’ ಎಂದರು. ಮೀಸೆ ಕಿತ್ತಿಟ್ಟಿದ್ದ ಭೀಮನು ಮೀಸೆಯಿಲ್ಲದೆಯೇ ಓಡಿಬಂದು ಎರಡನೆಯ ಸಲ ತೊಡೆ ಮುರಿಯಬೇಕಾಯಿತು. ಈ ಸಲ ಅವನಿಗೆ ನಿಜವಾಗಿಯೇ ಸಿಟ್ಟು ಬಂದಿದ್ದುದರಿಂದ ಕೌರವನ ಆರ್ತನಾದವು ಅತ್ಯಂತ ಸಹಜವಾಗಿತ್ತು.

ನಾಟಕ ಮುಗಿಯುತ್ತಲೇ ಕಿರೀಟಧಾರಿಯೊಬ್ಬನು ಕುಂಟುತ್ತ ಮೊದಲ ಸಾಲಿನತ್ತ ಬರುತ್ತಿರುವುದನ್ನು ಕಂಡು ನಾವು ಹೊಲಬಿದ್ದು ಓಡಿದೆವು. ನನ್ನ ಒಂದು ಚಪ್ಪಲಿ ಕೌರವರ ಪಾಲಾಯಿತು. ಬಸ್ಸು ಎಂದೋ ಹೋಗಿತ್ತು. ಕಾರಖಾನೆಗೆ ಹೊರಟಿದ್ದ ಕಬ್ಬಿನ ಚಕ್ಕಡಿಯೊಂದರ ಮೇಲೆ ಜಾಗ ಸಿಕ್ಕಿತು. ಕಬ್ಬಿನ ರವದಿ ಮೈಯೆಲ್ಲ ಗೀರುತ್ತಿರಲು, ಆ ಮಾತನ್ನು ಯಾವ ಸ್ವರದಲ್ಲಿ ಆಡಬೇಕಾಗಿತ್ತೆಂಬುದನ್ನು ಅವನು ದಾರಿಯುದ್ದಕ್ಕೂ ಆಡಿ ತೋರಿಸಿದನು. “ಅಂವಗ ದನಿ ಐತಿ, ಆದರ ಉಸರ ಹಿಡಿಯೂದು ಗೊತ್ತಿಲ್ಲ” ಎಂಬುದು ಅವನ ವಿಮರ್ಶೆ. ಎತ್ತುಗಳು ಕೂಡ ಎರಡು ಕಡೆ ನಿಂತು ಕೇಳಿದವು.

ಅವನು ಮೌನವಾಗಿರುವುದನ್ನೂ ಕಂಡಿದ್ದೇನೆ. ಅದು ಶ್ರೀಕೃಷ್ಣ ಪಾರಿಜಾತದಲ್ಲಿ. ಕೃಷ್ಣನು ಕೊರವಂಜಿಯ ವೇಷದಲ್ಲಿ ಸತ್ಯಭಾಮೆಯ ಬಾಗಿಲಿಗೆ ಬರುವ ಹೊತ್ತಿಗೆ ಅವನು ಧೋತರದ ಚುಂಗಿನಿಂದ ಕಣ್ಣೊರೆಸಿಕೊಳ್ಳುತ್ತಿರುತ್ತಾನೆ. ಅವನ ತಂದೆಯವರು ಕೌಜಲಗಿ ನಿಂಗಮ್ಮನವರ ಪಾರಿಜಾತಕ್ಕೆಂದು ಮಗ್ಗ ನಿಲ್ಲಿಸಿ ಹೋಗುತ್ತಿದ್ದರಂತೆ. ಬೆಳಗಿನ ಜಾವ ಆಟ ಮುಗಿದ ಮೇಲೆ, ಅರ್ಧ ಬಣ್ಣ ಒರೆಸಿಕೊಂಡು ಕುಳಿತ ಸತ್ಯಭಾಮೆಯ ಮುಂದೆ ತನ್ನ ಮಗ್ಗದ ಸೀರೆಯೊಂದನ್ನಿಟ್ಟು, ಮಾತಿಲ್ಲದೆ ಕೈಮುಗಿದು ಹೊರಬರುತ್ತಾನೆ. ಟಿಕೀಟಿಗೆ ಕಾಸು ಬಿಚ್ಚದವನಿಗೆ ಆ ಸೀರೆಯ ಬೆಲೆ ನೆನಪಾಗುವುದಿಲ್ಲ. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ತಿಂಗಳುಗಟ್ಟಲೆ ಬೀಡುಬಿಡುವ ಕಂಪನಿಗಳಲ್ಲಿ ಯಾವುದಾದರೊಂದು ಡೇರೆಯು ಅರ್ಧ ಬರಿದಾಗಿದ್ದರೆ, ಅದರೊಳಗೇ ಹೋಗಿ ಕೂಡುವುದು ಅವನ ಪದ್ಧತಿ. ತುಂಬಿದ ಡೇರೆಗೆ ನಮ್ಮ ಹಂಗೇನೆಂದು ಕೇಳುತ್ತಾನೆ. ಆಗ ನನಗೆ ಉತ್ತರ ಹೊಳೆಯುವುದಿಲ್ಲ.

ಬನದ ಹುಣ್ಣಿಮೆ ಸಮೀಪಿಸಿದೆ. “ನಿನ್ನ ಜಾಗಾ ಹಿಡದೀನಿ” ಎಂದು ಅವನ ಕಾರ್ಡು ಬಂದಿದೆ. ಈ ವರ್ಷ ನನಗೆ ಮೊಣಕಾಲ ನೋವು. ಸಹನಶೀಲರಾದ ವಾಚಕರಲ್ಲಿ ಯಾರಾದರೂ ನನ್ನ ಸ್ಥಾನವನ್ನು ಸ್ವೀಕರಿಸುವುದಾದರೆ ಸಂತೋಷದಿಂದ ಬಿಟ್ಟುಕೊಡುವೆನು. ಅವನ ಎಡಗಡೆಗೆ ಕುಳಿತುಕೊಳ್ಳಿರಿ, ಏಕೆಂದರೆ ವೀರರಸದಲ್ಲಿ ಅವನು ಬಲಗೈ ಬೀಸುತ್ತಾನೆ; ಚಪ್ಪಲಿಯನ್ನು ಕಾಲಿನಿಂದ ಕಳೆಯಬೇಡಿರಿ; ಟಿಕೀಟನ್ನು ಮಾತ್ರ ಇಬ್ಬರದೂ ನೀವೇ ತೆಗೆಯತಕ್ಕದ್ದು.