ಮೂರು ಫೇಸಿನ ಲೇತು, ಒಂದು ಫೇಸಿನ ಮನೆ

ನಿವೃತ್ತರಾದವರು ಕಾಶಿಗೆ ಹೋಗುತ್ತಾರೆ, ಸೈಟು ನೋಡುತ್ತಾರೆ, ಮೊಮ್ಮಕ್ಕಳನ್ನು ಶಾಲೆಗೆ ಬಿಟ್ಟುಬರುತ್ತಾರೆ. ನಾನು ಲೇತು ಕೊಂಡೆ. ಬಟಾಲಾದಲ್ಲಿ ಹುಟ್ಟಿ, ಪೀಣ್ಯದಲ್ಲಿ ದುಡಿದು ಮುಪ್ಪಾದ, ನಾಲ್ಕೂವರೆ ಅಡಿ ಬೆಡ್ಡಿನ ಲೇತು. ಯಾಕೆ ಅಂತ ಕೇಳಬೇಡಿ. ಕೇಳಿದವರಿಗೆಲ್ಲ ಒಂದೊಂದು ಉತ್ತರ ಕೊಟ್ಟು, ಯಾರಿಗೆ ಯಾವುದು ಕೊಟ್ಟೆ ಅನ್ನೋದೇ ಈಗ ಮರೆತಿದೆ. ಅದು ಗ್ಯಾರೇಜು ಸೇರಿದ್ದು, ಸ್ಕೂಟರ್ ಬೀದಿಪಾಲಾದದ್ದು, ಮನೆಯವಳು ಮಾತು ಬಿಟ್ಟದ್ದು ಎಲ್ಲ ಮಾಮೂಲು. ಅಸಲಿ ಫಜೀತಿ ಮೋಟಾರಿನ ತಗಡಿನ ಮೇಲೆ ಅಚ್ಚಾಗಿತ್ತು: 2 ಎಚ್‌ಪಿ, 415 ವೋಲ್ಟ್, 3 ಫೇಸ್. ನಮ್ಮ ಮನೆಗೆ ಬರುವುದು ಒಂದೇ ಫೇಸು, 230.

ವಿದ್ಯುತ್ ಕಚೇರಿಗೆ ಹೋದೆ. “ಉದ್ದಿಮೆಯೋ, ಗೃಹಬಳಕೆಯೋ?” ಅಂದರು. “ಹವ್ಯಾಸ” ಅಂದೆ. ಅವರ ಫಾರಂನಲ್ಲಿ ಆ ಕಾಲಂ ಇರಲಿಲ್ಲ. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿವರೆಗೆ ಮೂರು ಫೇಸು ಹೋಗಿತ್ತಂತೆ. ಕಂಬದಿಂದ ನಮ್ಮ ಗ್ಯಾರೇಜಿಗೆ ಬರಲು ಅದಕ್ಕೇನು ಧಾಡಿ ಅಂತ ಗೊಣಗುತ್ತ ವಾಪಸಾದೆ.

ಮೋಟಾರನ್ನೇ ಮನೆಯ 230ಕ್ಕೆ ಒಗ್ಗಿಸೋಣವೆಂದು ರಿವೈಂಡಿಂಗ್ ಅಂಗಡಿಗೆ ಒಯ್ದೆ. ಅಂಗಡಿಯವನು ಮೋಟಾರು ಬಿಚ್ಚಿದ. ಮೂರು ಸುರುಳಿಗಳು ಸೇರುವ ಸ್ಟಾರ್ ಗಂಟು ವೈಂಡಿಂಗಿನ ಒಳಗೇ ಹೂತುಹೋಗಿತ್ತು. ಬಿದಿರು ಕಡ್ಡಿಯಿಂದ ಕೆದಕಿ, ವಾರ್ನಿಶ್ ಕೆರೆದು, ಗಂಟು ಬಿಡಿಸಿ ಡೆಲ್ಟಾ ಮಾಡಿಕೊಟ್ಟ. ವೋಲ್ಟೇಜೇನೋ ಹೊಂದಿತು, ಫೇಸಿನ ಕೊರತೆ ಹಾಗೇ ಉಳಿಯಿತು. ಮೂರು ಫೇಸು ಒಂದರ ಹಿಂದೊಂದು ಬಂದರೆ ಒಳಗಿನ ಕಾಂತಕ್ಷೇತ್ರ ತಾನೇ ಸುತ್ತುತ್ತದೆ, ರೋಟರನ್ನೂ ಎಳೆದುಕೊಂಡು ಹೋಗುತ್ತದೆ. ಒಂದೇ ಫೇಸು ಹಿಂದೆಮುಂದೆ ತುಯ್ಯುತ್ತದೆಯೇ ಹೊರತು ಎತ್ತ ಹೊರಡಬೇಕೆಂದು ಹೇಳುವುದಿಲ್ಲ. ಮೋಟಾರು ನಿಂತಲ್ಲೇ ಗುಂಯ್ ಅನ್ನುತ್ತದೆ. ಆದರೆ ಯಾರಾದರೂ ಒಮ್ಮೆ ತಿರುಗಿಸಿಬಿಟ್ಟರೆ ಅದೇ ದಿಕ್ಕಿಗೆ ಓಡುತ್ತದೆ. ಆ ಯಾರಾದರೂ ನಾನೇ.

ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿ, ಬುಗುರಿಗೆ ಚಾಟಿ ಸುತ್ತುವ ಹಾಗೆ ಮೋಟಾರಿನ ಪುಲ್ಲಿಗೆ ಸುತ್ತಿದೆ. ಸ್ವಿಚ್ಚು ಒಳಗಡೆ, ಪ್ಯಾಸೇಜಿನಲ್ಲಿ. ಅಲ್ಲಿ ಮನೆಯವಳನ್ನು ನಿಲ್ಲಿಸಿದೆ.

“ಎಳೆಯೋಕೆ ಮುಂಚೆ ಹಾಕಲಾ, ಎಳೆದ ಮೇಲಾ?”

“ಎಳೆದ ತಕ್ಷಣ. ಹೇಳ್ತೀನಿ.”

ಕಾಲೂರಿ “ಹ್ಞಾ” ಅಂತ ದಮ್ಮು ಕಟ್ಟಿದೆ. ಅದನ್ನೇ ಅಪ್ಪಣೆ ಅಂದುಕೊಂಡು ಅವಳು ಸ್ವಿಚ್ಚು ಒತ್ತಿದಳು. ಮೋಟಾರು ಗುಂಯ್, ದೀಪ ಮಂಕು, ಎಂಸಿಬಿ ಟಪ್, ಮನೆಯೆಲ್ಲ ಕತ್ತಲು. ಅವಳ ಸೀರಿಯಲ್ಲಿನಲ್ಲಿ ಅತ್ತೆ ಸೊಸೆಗೆ ಏನೋ ಹೇಳಹೊರಟಿದ್ದಳಂತೆ. ಏನೆಂದು ಇಂದಿಗೂ ಗೊತ್ತಾಗಿಲ್ಲ, ಅದಕ್ಕೂ ನಾನೇ ಹೊಣೆ. ನಾನು ಸುಮ್ಮಸುಮ್ಮನೆ ಹೊರಡಿಸುವ ಸದ್ದು ಸಂಕೇತವಾಗಕೂಡದೆಂದು ತೀರ್ಮಾನವಾಯಿತು. “ರೆಡಿ” ಬೇಡ, ಅದನ್ನು ದಿನಾ ಸುಳ್ಳೇ ಹೇಳ್ತೀರಿ ಅಂದಳು. ಕೊನೆಗೆ “ಗೋವಿಂದ” ಅಂತ ಒಪ್ಪಂದವಾಯಿತು.

“ಗೋವಿಂದಾ!” ಅಂತ ಕೂಗಿ ಎಳೆದೆ.

“ಗೋಓಓವಿಂದ!” ಅಂತ ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯಜ್ಜಿ ದನಿಗೂಡಿಸಿದರು. ಯಾರ ಗೋವಿಂದನಿಗೆ ಒತ್ತಬೇಕೆಂದು ತಿಳಿಯದೆ ಮನೆಯವಳು ಒತ್ತಲೇ ಇಲ್ಲ. ಹಗ್ಗ ನನ್ನ ಕೈಯಲ್ಲಿ, ನಾನು ಸ್ಕೂಟರ್ ಸ್ಟೆಪ್ನಿಯ ಮೇಲೆ. ಮರಳಿ ಸುತ್ತಿ, ಮರಳಿ ಕೂಗಿದೆ. ಅಜ್ಜಿ ಈ ಸಲ ಜೋರಾಗಿಯೇ ಓಗೊಟ್ಟರು, ಸ್ವಿಚ್ಚೂ ಬಿತ್ತು, ಮೋಟಾರು ಓಡಿತು! ಬೆಲ್ಟು ಹಾಕಿ ಇನ್ನೊಂದು ಗೋವಿಂದ ಹಾಡಿದೆವು. ಲೇತೂ ತಿರುಗಿತು, ತಿರುಗುಮುರುಗಾಗಿ. ಸಡಗರದಲ್ಲಿ ಹಗ್ಗ ಎಡಕ್ಕೆ ಸುತ್ತಿದ್ದೆ. ತಿರುಪಿನ ಮರೆಯ ಮೇಲೆ ಕೂರುವ, ಲೋಹದ ತುಂಡು ಹಿಡಿಯುವ ಚಕ್ಕು ತಾನೇ ಬಿಚ್ಚಿಕೊಳ್ಳುತ್ತ ನನ್ನತ್ತ ಹೊರಟಿತು. ನಾನು ಬಾಯಿಬಿಡುವ ಮೊದಲೇ ಮನೆಯವಳು ಸ್ವಿಚ್ಚು ಆರಿಸಿದ್ದಳು. ಅಷ್ಟರಲ್ಲಿ ಅಜ್ಜಿ ಪ್ರಸಾದಕ್ಕೆ ಬಟ್ಟಲು ಹಿಡಿದು ಗೇಟಿನಲ್ಲಿ ನಿಂತಿದ್ದರು.

ಆಮೇಲೆ ಅಣ್ಣನ ಮಗ, ಎಂಜಿನಿಯರು, ಕಂಡೆನ್ಸರ್ ಹಾಕಿ ಮೂರನೇ ಫೇಸಿನ ಭ್ರಮೆ ಹುಟ್ಟಿಸಬಹುದು ಅಂದ. ಹುಟ್ಟಿತು. ಆದರೆ ಕಂಡೆನ್ಸರಿನ ಲೆಕ್ಕ ಒಂದು ಲೋಡಿಗೆ ಸರಿಹೋದರೆ ಇನ್ನೊಂದಕ್ಕೆ ತಪ್ಪುತ್ತದೆ. ಒಂದು ಸಂಜೆ ವೈಂಡಿಂಗ್ ಸುಟ್ಟು ಗ್ಯಾರೇಜೆಲ್ಲ ವಾಸನೆ.

ರಿವೈಂಡಿಂಗ್ ಅಂಗಡಿಯಲ್ಲಿ ಈ ಸಲ ಪಾಳಿ ಇತ್ತು. ನೆಲದ ತುಂಬ ಕಪ್ಪಾದ ಸಬ್‌ಮರ್ಸಿಬಲ್ ಮೋಟಾರುಗಳು. ಪಕ್ಕದಲ್ಲಿ ಕೂತ ರೈತ ನನ್ನ ಮೋಟಾರು ನೋಡಿ, “ನಿಮ್ದು ಎಷ್ಟು ಅಡಿ ಬೋರು ಸಾರ್?” ಅಂದ. ನನಗೆ ನಾಲಿಗೆ ಹೊರಳಲಿಲ್ಲ. ಹೊಲಕ್ಕೆ ಮೂರು ಫೇಸು ಬರುವುದು ದಿನಕ್ಕೆ ಏಳು ಗಂಟೆ, ಅದೂ ಕಂತಿನಲ್ಲಿ, ಅರ್ಧ ರಾತ್ರಿ ಹೊತ್ತು. ಒಣಗುವ ಪೈರು ಅಷ್ಟು ಹೊತ್ತು ಕಾಯುವುದಿಲ್ಲ. ಸಿಂಗಲ್ ಫೇಸಿಗೇ ಕಂಡೆನ್ಸರ್ ಕಟ್ಟಿ, ಕತ್ತಲಲ್ಲಿ ಒದ್ದೆ ಕಾಲಲ್ಲಿ ಸ್ಟಾರ್ಟರ್ ಮುಟ್ಟುತ್ತಾರೆ. ಸುಟ್ಟರೆ ಮೋಟಾರು ಮೇಲೆತ್ತಲು ಸಾಲ. ಕೆಲವೊಮ್ಮೆ ಸುಡುವುದು ಮೋಟಾರಲ್ಲ, ಮನುಷ್ಯ. ಹೀಗೆ ಕಂಡೆನ್ಸರ್ ಕಟ್ಟುವುದನ್ನು ಕಳ್ಳತನ ಅನ್ನುವವರು ಒಂದು ರಾತ್ರಿ ಆ ಒದ್ದೆ ಹೊಲದಲ್ಲಿ ನಿಂತು ಮಾತಾಡಲಿ. “ಬೋರಲ್ಲ, ಲೇತು” ಅಂದೆ. “ಏನು ಮಾಡ್ತೀರಿ ಅದರಲ್ಲಿ?” ಅವನಿಗೆ ಕೊಡಬಹುದಾದ ಉತ್ತರ ನನ್ನ ಸಂಗ್ರಹದಲ್ಲಿ ಇರಲಿಲ್ಲ.

ಈಗ ವಿಎಫ್‌ಡಿ ತಂದಿದ್ದೇನೆ. ಅಂಗೈ ಎರಡರಷ್ಟು ಡಬ್ಬಿ, ಒಂದು ಫೇಸು ನುಂಗಿ, ಡಿಸಿ ಮಾಡಿ, ಮೂರು ಫೇಸು ಕಕ್ಕುತ್ತದೆ. ಹಗ್ಗ ಬಟ್ಟೆ ಒಣಹಾಕಲು ಮರಳಿತು, ಅಜ್ಜಿಗೆ ಭಜನೆ ತಪ್ಪಿತು. ರಿವೈಂಡಿಂಗಿನವನು ಯಾವುದೋ ಪಂಪಿಗೆಂದು ಒಂದು ಗನ್‌ಮೆಟಲ್ ಬುಶ್ ಕಡೆದುಕೊಡಲು ಹೇಳಿದ. ಮೂರು ದಿನದ ಕೆಲಸವನ್ನು ಒಂದು ವಾರದಲ್ಲಿ ಮುಗಿಸಿ ಕೊಟ್ಟೆ. ಅರ್ಧ ನೂಲು ಸಣ್ಣದಾಯಿತಂತೆ. ಈಗ ತನ್ನ ಬಿಲ್ಲುಗಳು ಗಾಳಿಗೆ ಹಾರದ ಹಾಗೆ ಅದನ್ನು ಮೇಲಿಟ್ಟಿದ್ದಾನೆ. ಬಂದವರೆಲ್ಲ ಎತ್ತಿ ನೋಡಿ, ಫಿನಿಶಿಂಗ್ ಚೆನ್ನಾಗಿದೆ ಅನ್ನುತ್ತಾರೆ.